ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ಪಾಠಶಾಲೆಯನ್ನು ಕಟ್ಟಿಸಿದವರ ಹೆಸರು ಬಾಗಿಲ ಮೇಲಣ ಕಲ್ಲಿನಲ್ಲಿ ಉಳಿಯುವುದು. ಆ ಪಾಠಶಾಲೆಗಾಗಿ ದೂರದ ಹಳ್ಳಿಯಿಂದ ಬಂದ ಬಡ ಹುಡುಗನಿಗೆ ಮಲಗಲು ಒಂದು ಮೂಲೆಯನ್ನೂ, ಹೊತ್ತಿಗೆ ಸರಿಯಾಗಿ ಒಂದು ತುತ್ತು ಅನ್ನವನ್ನೂ ಕೊಟ್ಟವರ ಹೆಸರು ಬಹುಮಟ್ಟಿಗೆ ಆ ಹುಡುಗನ ನೆನಪಿನೊಡನೆಯೇ ಮರೆಯಾಗುವುದು. ಆದರೂ ಗ್ರಾಮಾಂತರದ ವಿದ್ಯಾಭ್ಯಾಸದ ಮಟ್ಟಿಗೆ ಈ ಎರಡನೆಯ ಉಪಕಾರವು ಮೊದಲನೆಯದಕ್ಕಿಂತ ಕಡಮೆಯಾದುದೇನೂ ಅಲ್ಲ. ಉಪಾಧ್ಯಾಯರಿದ್ದು, ಪುಸ್ತಕವಿದ್ದು, ಹುಡುಗನಲ್ಲಿ ಬುದ್ಧಿಯೂ ಇದ್ದು, ಉಳಿಯಲು ಮನೆಯೊಂದು ಇಲ್ಲದ ಕಾರಣದಿಂದಲೇ ನಿಂತುಹೋದ ಓದುಗಳೆಷ್ಟೋ! ಈ ಕೊರತೆಯನ್ನು ಕಂಡು, ತಮ್ಮ ವ್ಯಾಪಾರದ ಸಂಪಾದನೆಯೆಲ್ಲವನ್ನೂ ಅದರ ಪರಿಹಾರಕ್ಕೆ ಧಾರೆಯೆರೆದ ವರ್ತಕರೊಬ್ಬರ ಚರಿತ್ರೆಯನ್ನು ವಾಚಕರು ಇಲ್ಲಿ ನೋಡಬಹುದು.

ಈ ಕೊರತೆ ಎಂಥದೆಂಬುದನ್ನು ತಿಳಿಯಲು ತರೀಕೆರೆಯ ಸೀಮೆಯ ಲಕ್ಕವಳ್ಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಭದ್ರಾನದಿಯ ತೀರದ ಈ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ತಾಲ್ಲೂಕಿಗೇ ತನ್ನ ಹೆಸರನ್ನು ಕೊಟ್ಟಿದ್ದುದು. ಸುತ್ತಲೂ ತೇಗದ ಕಾಡು. ಕಾಡಿನ ಅಂಚಿನಲ್ಲಿ ಗದ್ದೆ, ತೋಟ. ಆ ಕಾಲದ ಲಕ್ಕವಳ್ಳಿಯ ಹುಡುಗನೊಬ್ಬನು ಊರಿನ ಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ, ಕನ್ನಡದ ಪಾಠಗಳನ್ನು ಮುಗಿಸಿ, ಮುಂದಕ್ಕೆ ಹೈಸ್ಕೂಲನ್ನೋ ಕಾಲೇಜನ್ನೋ ಬಯಸಿದರೆ ಅವನ ದಾರಿ ಎತ್ತಿನ ಗಾಡಿಯಲ್ಲಿ ಸುಮಾರು 12 ಮೈಲಿ ದೂರದ ತರೀಕೆರೆಗೆ. 1899ರಲ್ಲಿ ಬೀರೂರು–ಶಿವಮೊಗ್ಗ ರೈಲುದಾರಿ ತೆರೆದ ಮೇಲೆ ಅಲ್ಲಿಂದ ಬೀರೂರಿಗೆ ಹೋಗಿ, ದೊಡ್ಡ ದಾರಿಯ ಬಂಡಿಯನ್ನು ಹಿಡಿದು, ಕಡೂರು, ಅರಸೀಕೆರೆ, ತಿಪಟೂರು, ಗುಬ್ಬಿ, ತುಮಕೂರುಗಳನ್ನು ದಾಟಿ ಬೆಂಗಳೂರಿನಲ್ಲಿ ಇಳಿಯುವುದು ಸಾಧ್ಯವಾಯಿತು. ಅಲ್ಲಿಯವರೆಗಿನ ದಾರಿಯನ್ನು ರೈಲು ಸುಗಮಗೊಳಿಸಿತು. ಇಳಿದ ಮೇಲೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ರೈಲಿನವರಲ್ಲಿಯಾಗಲಿ, ವಿದ್ಯಾ ಇಲಾಖೆಯವರಲ್ಲಿಯಾಗಲಿ ಉತ್ತರವಿರಲಿಲ್ಲ. ಉತ್ತರವು ಆ ದಾರಿಯಲ್ಲಿಯೇ ಸಿಕ್ಕುವ ಗುಬ್ಬಿಯೆಂಬ ಊರಿನಲ್ಲಿ ಹುಟ್ಟಿದ ಒಬ್ಬ ವ್ಯಾಪಾರಿಯಿಂದ ಬಂದಿತು.

ಗುಬ್ಬಿಯು ಪ್ರಾಚೀನಕಾಲದಿಂದಲೂ ಹೆಸರಾದ ಊರು. ಹದಿನಾರನೆಯ ಶತಮಾನದಲ್ಲಿ ಭಾವಚಿಂತಾರತ್ನವನ್ನೂ ವೀರಶೈವಾಮೃತಪುರಾಣವನ್ನೂ ರಚಿಸಿದ ಮಲ್ಲಣಾರ್ಯನು ಈ ಊರಿನ ಹೆಸರಿನಿಂದಲೇ ಪ್ರಸಿದ್ಧನು. ಇಲ್ಲಿಯ ಸಂತೆಯು ಮೈಸೂರು ಸೀಮೆಯ ದೊಡ್ಡ ಸಂತೆಗಳಲ್ಲಿ ಒಂದಾಗಿದ್ದಿತು. ಮಲೆನಾಡಿನ ನಗರ ಸೀಮೆಯಿಂದ ಎತ್ತುಗಳ ಮೇಲೆ ಹೇರಿ ತಂದ ಅಡಕೆಯು ಗುಬ್ಬಿಯ ವರ್ತಕರ ಕೈಸೇರಿ, ಅಲ್ಲಿಂದ ಘಟ್ಟದ ಕೆಳಗಣ ವಾಲಾಜಾಪೇಟೆಯ ಕಡೆಗೆ ಸಾಗುತ್ತಿದ್ದಿತು. ಹೀಗೆ ಮಲೆನಾಡಿನ ತೋಟಕ್ಕೂ ತಮಿಳುನಾಡಿನ ಪೇಟೆಗೂ ನಡುವೆ ನಿಂತ ಊರಿನಲ್ಲಿ ವ್ಯಾಪಾರವೆಂದರೆ ಪ್ರಯಾಣವೇ ಆಗಿದ್ದಿತು. ಹೇರೆತ್ತಿನವರು, ಗಾಡಿಯವರು, ದಲ್ಲಾಳಿಗಳು, ಜಂಗಮರು, ಯಾತ್ರಿಕರು ಬಂದು ಇಳಿದು ಉಂಡು ಹೋಗುವುದು ಅಲ್ಲಿಯವರಿಗೆ ದಿನನಿತ್ಯದ ನೋಟ. 1830ರ ದಶಕದ ಕೊನೆಯಲ್ಲಿ ವೆಸ್ಲಿಯನ್ ಮಿಷನ್ನಿನ ಪಾದ್ರಿಗಳು ಇಲ್ಲಿ ನೆಲೆಯೂರಿದುದಕ್ಕೂ ಊರಿನ ಈ ಜನಸಂಚಾರವೇ ಒಂದು ಕಾರಣವಾಗಿದ್ದಿರಬೇಕು.

ಇಂಥ ಊರಿನಲ್ಲಿ, 1838ನೆಯ ಇಸವಿಯಲ್ಲಿ, ವೀರಶೈವ ಮನೆತನವೊಂದರಲ್ಲಿ ತೋಟದಪ್ಪನವರು ಜನಿಸಿದರು. ಅವರು ಇನ್ನೂ ಬಾಲಕರಾಗಿರುವಾಗಲೇ ಮನೆಯವರು ಗುಬ್ಬಿಯನ್ನು ಬಿಟ್ಟು ಬೆಂಗಳೂರಿಗೆ ಬಂದು, ಪೇಟೆಯ ಮಾಮೂಲುಪೇಟೆಯಲ್ಲಿ ಅಂಗಡಿಯನ್ನಿಟ್ಟರು. ಆ ಬೆಂಗಳೂರು ಎಂಥದು? ರೈಲಿಲ್ಲ, ಕಾಲೇಜಿಲ್ಲ, ನಲ್ಲಿಯ ನೀರಿಲ್ಲ. ಕೋಟೆಯ ಪಕ್ಕದಲ್ಲಿ ಒತ್ತೊತ್ತಾದ ಓಣಿಗಳ ಪೇಟೆ. ಒಂದೊಂದು ಓಣಿಗೆ ಒಂದೊಂದು ಸರಕು. ಹಳ್ಳಿಯಿಂದ ಬಂದ ಮನೆತನವು ಅಂಥ ಕಡೆ ಕಾಲೂರಬೇಕಾದರೆ ಮೊದಲು ಬೇಕಾದುದು ಬಂಡವಾಳವಲ್ಲ, ನಂಬಿಕೆ. ಕಡದ ಲೆಕ್ಕವೆಲ್ಲವೂ ಬಾಯಿಮಾತಿನ ಮೇಲೆ ನಡೆಯುತ್ತಿದ್ದ ಕಾಲದಲ್ಲಿ, ಮಾತಿಗೆ ತಪ್ಪದವನ ಅಂಗಡಿಯೇ ನಿಲ್ಲುವುದು. ತೋಟದಪ್ಪನವರ ಅಂಗಡಿ ನಿಂತಿತು, ಬೆಳೆಯಿತು. ಅವರು ಗೌರಮ್ಮನವರನ್ನು ಮದುವೆಯಾದರು. ಸಂಪತ್ತು ಕೂಡಿತಾದರೂ ದಂಪತಿಗಳಿಗೆ ಸಂತಾನವಾಗಲಿಲ್ಲ.

ತೋಟದಪ್ಪನವರ ಬಾಳಿನ ನಡುವಣ ವರ್ಷಗಳಲ್ಲಿಯೇ ಮೈಸೂರು ಸಂಸ್ಥಾನದಲ್ಲಿ ಹೊಸ ವಿದ್ಯಾಭ್ಯಾಸವು ಬೇರೂರಿತು. 1857ರಲ್ಲಿ ವಿದ್ಯಾ ಇಲಾಖೆಯು ಸ್ಥಾಪಿತವಾಯಿತು. 1858ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಹೈಸ್ಕೂಲು ಹುಟ್ಟಿ, 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರನ್ನು ಪಡೆಯಿತು. 1868ರಲ್ಲಿ ಬಿ. ಎಲ್. ರೈಸ್ ಅವರು ಹೋಬಳಿಗೊಂದು ಪಾಠಶಾಲೆಯಿರಬೇಕೆಂಬ ಯೋಜನೆಯನ್ನು ಮುಂದಿಟ್ಟರು. ಅದರಿಂದ ಹಳ್ಳಿಯ ಮಕ್ಕಳಿಗೆ ಓದುಬರಹದ ಬಾಗಿಲು ತೆರೆಯಿತು. ಆದರೆ ಬಾಗಿಲು ತೆರೆದಷ್ಟೂ ಇನ್ನೊಂದು ಕಷ್ಟವು ಎದ್ದು ಕಾಣತೊಡಗಿತು. ಹೋಬಳಿಯ ಪಾಠಶಾಲೆ ಹಳ್ಳಿಯ ಹತ್ತಿರಕ್ಕೆ ಬಂದಿತು. ಹೈಸ್ಕೂಲು ಜಿಲ್ಲೆಯ ಮುಖ್ಯ ಪಟ್ಟಣಗಳಲ್ಲಿಯೂ, ಕಾಲೇಜು ಬೆಂಗಳೂರು ಮೈಸೂರುಗಳಲ್ಲಿಯೂ ಉಳಿದುವು. ಕೆಳಗಣ ತರಗತಿಯನ್ನು ಮುಗಿಸಿದವನು ಮೇಲಕ್ಕೆ ಹೋಗಬೇಕಾದರೆ ಊರನ್ನು ಬಿಡಲೇಬೇಕು.

ಊರನ್ನು ಬಿಟ್ಟು ಬಂದವರ ಪಾಡು ಹೇಗಿದ್ದಿತೆಂಬುದು ಹಳೆಯ ತಲೆಮಾರಿನವರಿಗೆಲ್ಲ ತಿಳಿದ ಸಂಗತಿ. ನೆಂಟರಿದ್ದವರು ನೆಂಟರ ಮನೆಯ ಜಗಲಿಯಲ್ಲಿ ಉಳಿಯುತ್ತಿದ್ದರು. ನೆಂಟರಿಲ್ಲದವರು ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಹಿಡಿದು ವಾರಾನ್ನದಿಂದ ಹೊಟ್ಟೆ ಹೊರೆಯುತ್ತಿದ್ದರು. ಒಂದು ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಕೆಲವರು ಮಠಗಳಲ್ಲಿಯೂ ದೇವಸ್ಥಾನಗಳಲ್ಲಿಯೂ ಉಂಡು, ಬೀದಿಯ ದೀಪದ ಕೆಳಗೆ ಓದುತ್ತಿದ್ದರು. ಮುದ್ದೇನಹಳ್ಳಿಯಿಂದ ಬಂದ ವಿಶ್ವೇಶ್ವರಯ್ಯನವರಂಥ ಮೇಧಾವಿಗಳೇ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ, ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಜೀವನವನ್ನು ತೂಗಿಸಿಕೊಳ್ಳಬೇಕಾಯಿತು. ಅವರ ದೃಢತೆಯು ಎಲ್ಲ ಹುಡುಗರಲ್ಲಿಯೂ ಇರುವುದು ಹೇಗೆ ಸಾಧ್ಯ? ಅನೇಕರು ಒಂದೆರಡು ವರ್ಷ ಹೆಣಗಿ, ಸೋತು, ಊರಿಗೆ ಹಿಂದಿರುಗುತ್ತಿದ್ದರು. ಪರೀಕ್ಷೆಯಲ್ಲಿ ತೇರ್ಗಡೆಯಾದವರ ಲೆಕ್ಕವನ್ನು ಇಲಾಖೆಯು ಇಟ್ಟಿತು; ಹಸಿವಿನಿಂದ ಹಿಂದಿರುಗಿದವರ ಲೆಕ್ಕವನ್ನು ಯಾರೂ ಇಡಲಿಲ್ಲ.

ಈ ನಡುವೆ ರೈಲು ಬಂದಿತು. 1880ರ ದಶಕದಲ್ಲಿ ಬೆಂಗಳೂರಿನಿಂದ ಒಂದು ದಾರಿ ಮೈಸೂರಿಗೂ, ಇನ್ನೊಂದು ದಾರಿ ತುಮಕೂರು ಗುಬ್ಬಿಗಳ ಮೇಲೆ ಹರಿಹರದ ಕಡೆಗೂ ತೆರೆದುವು. ಪೇಟೆಯ ಪಶ್ಚಿಮಕ್ಕೆ, ಧರ್ಮಾಂಬುಧಿ ಕೆರೆಯ ಬಳಿ, ನಿಲ್ದಾಣವು ಎದ್ದಿತು. ಅದುವರೆಗೆ ಗಾಡಿಯಲ್ಲಿ ಬಂದವರು ಪೇಟೆಯ ಒಳಗಣ ಛತ್ರಗಳಲ್ಲಿಯೂ ಪರಿಚಿತರ ಅಂಗಡಿಗಳಲ್ಲಿಯೂ ಇಳಿಯುತ್ತಿದ್ದರು. ಈಗ ರಾತ್ರಿಯ ಬಂಡಿಯಿಂದ ಇಳಿದವರು ಕತ್ತಲೆಯಲ್ಲಿ ಗಂಟುಮೂಟೆಯೊಡನೆ ನಿಲ್ದಾಣದ ಹೊರಗೆ ನಿಲ್ಲುವಂತಾಯಿತು. ಗುಬ್ಬಿಯ ಸಂತೆಯನ್ನೂ ಬೆಂಗಳೂರಿನ ಪೇಟೆಯನ್ನೂ ಎರಡನ್ನೂ ಬಲ್ಲ ವರ್ತಕನ ಕಣ್ಣಿಗೆ ಇದು ಬೀಳದಿರುವುದು ಸಾಧ್ಯವೆ?

1897ರಲ್ಲಿ ತೋಟದಪ್ಪನವರು ನಿಲ್ದಾಣಕ್ಕೆ ಎದುರಾಗಿ ಎರಡೂವರೆ ಎಕರೆ ಭೂಮಿಯನ್ನು ರೈಲ್ವೆಯವರಿಂದ ಕೊಂಡರು. ಆಗ ಅವರಿಗೆ ಸುಮಾರು ಅರುವತ್ತು ವರ್ಷ. ಅದು ಸಂಸ್ಥಾನಕ್ಕೆ ಸುಖದ ಕಾಲವಾಗಿರಲಿಲ್ಲ. ಚಾಮರಾಜೇಂದ್ರ ಒಡೆಯರವರು 1894ರಲ್ಲಿ ಅಕಾಲಮೃತ್ಯುವಿಗೆ ಈಡಾಗಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಆಡಳಿತವನ್ನು ನೋಡಿಕೊಳ್ಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಪೇಟೆಯ ಓಣಿಗಳು ಬರಿದಾದುವು, ಅಂಗಡಿಗಳು ಮುಚ್ಚಿದುವು, ಜನರು ಮನೆ ಬಿಟ್ಟು ಬಯಲಿನ ಗುಡಿಸಲುಗಳಿಗೆ ಹೋದರು. ಪರ ಊರಿನವನನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುವ ಕಾಲವದು. ಅಂಥ ವರ್ಷಗಳನ್ನು ದಾಟಿ, ಪರ ಊರಿನವರಿಗಾಗಿಯೇ ಎತ್ತಿದ ಕಟ್ಟಡವು ಪೂರ್ತಿಯಾಯಿತೆಂಬುದನ್ನು ನೆನೆಯಬೇಕು.

1902ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ರಾಜ್ಯಾಧಿಕಾರವನ್ನು ವಹಿಸಿಕೊಂಡರು. ಅದಾದ ಆರು ತಿಂಗಳಿಗೆ, 1903ರ ಫೆಬ್ರವರಿ 11ರಂದು, ಶ್ರೀಮನ್ಮಹಾರಾಜರವರೇ ತೋಟದಪ್ಪನವರ ಧರ್ಮಛತ್ರವನ್ನು ತೆರೆದರು. ಹದಿನೆಂಟು ವರ್ಷದ ಅರಸರು ಒಂದು ಕಡೆ; ಅರುವತ್ತೈದರ ಅಂಚಿನ ಅಂಗಡಿಯ ಯಜಮಾನರು ಒಂದು ಕಡೆ. ಮುಂದಿನ ನಾಲ್ಕು ದಶಕಗಳಲ್ಲಿ ಹಳ್ಳಿಯ ಪಾಠಶಾಲೆಗಳಿಂದ ಹಿಡಿದು 1916ರ ಮೈಸೂರು ವಿಶ್ವವಿದ್ಯಾನಿಲಯದವರೆಗೆ ವಿದ್ಯೆಯ ಸೋಪಾನವನ್ನು ಕಟ್ಟಲಿದ್ದ ಅರಸರಿಗೆ, ಆ ಸೋಪಾನವನ್ನು ಹತ್ತಬರುವವರ ತಂಗುದಾಣವನ್ನು ಪ್ರಜೆಯೊಬ್ಬರು ಮೊದಲೇ ಸಿದ್ಧಮಾಡಿ ಒಪ್ಪಿಸಿದಂತಾಯಿತು.

ಛತ್ರವನ್ನು ಕಟ್ಟಿಸುವುದು ಕನ್ನಡನಾಡಿಗೆ ಹೊಸ ಧರ್ಮವೇನೂ ಅಲ್ಲ. ಕೆರೆ, ಬಾವಿ, ಅರವಟ್ಟಿಗೆ, ಸಾಲುಮರ, ಛತ್ರ, ಇವು ಶಾಸನಗಳ ಕಾಲದಿಂದಲೂ ಪುಣ್ಯಕಾರ್ಯಗಳೆನಿಸಿವೆ. ತೋಟದಪ್ಪನವರು ಹೊಸದಾಗಿ ಮಾಡಿದುದು ಬೇರೆ. ಪ್ರವಾಸಿಗಳ ಛತ್ರದ ಜೊತೆಗೆ ವಿದ್ಯಾರ್ಥಿಗಳ ಉಚಿತ ನಿಲಯವನ್ನೂ ಅವರು ಸೇರಿಸಿದರು. ಮೇಲೆ ನೋಡಿದರೆ ಎರಡೂ ಒಂದೇ ಬಗೆಯ ದಾನವೆಂದು ತೋರಬಹುದು. ವಿಚಾರಮಾಡಿದರೆ ಭೇದವು ತಿಳಿಯುವುದು. ಪ್ರವಾಸಿಯು ಛತ್ರದಲ್ಲಿರುವುದು ಎರಡು ಮೂರು ದಿನ. ವಿದ್ಯಾರ್ಥಿಯು ಇರಬೇಕಾದುದು ಮೂರು ನಾಲ್ಕು ವರ್ಷ. ಪ್ರವಾಸಿಗೆ ಮಾಡಿದ ಉಪಕಾರವು ಅವನು ಗಂಟು ಕಟ್ಟಿದ ಕೂಡಲೇ ಮುಗಿಯುವುದು. ವಿದ್ಯಾರ್ಥಿಗೆ ಮಾಡಿದ ಉಪಕಾರವು ಅವನು ಹೊರಟ ಮೇಲೆ ಆರಂಭವಾಗುವುದು. ಮೊದಲನೆಯದಕ್ಕೆ ಕಟ್ಟಡವೊಂದಿದ್ದರೆ ಸಾಕು. ಎರಡನೆಯದಕ್ಕೆ ವರ್ಷ ವರ್ಷವೂ ಬತ್ತದ ವರಮಾನವೂ, ಅದನ್ನು ನ್ಯಾಯವಾಗಿ ಹಂಚುವ ಕೈಗಳೂ ಬೇಕು.

ಇದನ್ನು ತೋಟದಪ್ಪನವರು ವರ್ತಕರಾಗಿಯೇ ಅರಿತಿದ್ದರು. ಬಂಡವಾಳವನ್ನು ತಿಂದ ಅಂಗಡಿ ನಿಲ್ಲುವುದಿಲ್ಲವೆಂಬುದು ವ್ಯಾಪಾರದ ಮೊದಲ ಪಾಠ. ಧರ್ಮಕ್ಕೂ ಅದೇ ನಿಯಮ. ದಾತನು ಇರುವವರೆಗೆ ನಡೆದು, ಅವನ ಹಿಂದೆಯೇ ಅಳಿದುಹೋದ ಛತ್ರಗಳು ನಾಡಿನಲ್ಲಿ ಬೇಕಾದಷ್ಟಿವೆ. ಮಕ್ಕಳು ಮೊಮ್ಮಕ್ಕಳು ಪಾಲು ಹಂಚಿಕೊಂಡಾಗ ಧರ್ಮದ ಪಾಲು ಯಾರಿಗೂ ಬೇಡವಾದುದೂ ಉಂಟು. ತೋಟದಪ್ಪನವರು ತಮ್ಮ ಕಡೆಯ ದಿನಗಳಲ್ಲಿ ಆಸ್ತಿಯೆಲ್ಲವನ್ನೂ ಧರ್ಮಸಂಸ್ಥೆಗೆ ಬರೆದುಕೊಟ್ಟು, ಅದರ ಅಧ್ಯಕ್ಷತೆಯನ್ನು ಕೆ. ಪಿ. ಪುಟ್ಟಣ್ಣಚೆಟ್ಟರಿಗೆ ಒಪ್ಪಿಸಿದರು. ಪುಟ್ಟಣ್ಣಚೆಟ್ಟರು ಸಂಸ್ಥಾನದ ಉನ್ನತ ಅಧಿಕಾರಗಳನ್ನು ವಹಿಸಿದವರು. ಬೆಂಗಳೂರು ಮುನಿಸಿಪಾಲಿಟಿಯ ಅಧ್ಯಕ್ಷರಾಗಿ ಹೆಸರಾದವರು. 1935ರಲ್ಲಿ ತೆರೆದ ಬೆಂಗಳೂರಿನ ಪುರಭವನವು ಅವರ ಹೆಸರನ್ನೇ ಹೊತ್ತಿರುವುದು. ಬೇಕಾದವರ ಕೈಗೆ ಕೊಡುವ ಬದಲು ಲೆಕ್ಕ ಬಲ್ಲವರ ಕೈಗೆ ಕೊಟ್ಟುದರಲ್ಲಿ ವರ್ತಕರ ವಿವೇಕವು ಕಾಣುವುದು. ಅವರ ಔದಾರ್ಯದಷ್ಟೇ ಈ ವಿವೇಕವೂ ಸ್ಮರಣೀಯವಾದುದು.

ಇದೇ ಕಾಲದಲ್ಲಿ ಉತ್ತರ ಕರ್ನಾಟಕದಲ್ಲಿಯೂ ಇಂಥದೊಂದು ದಾನವು ನಡೆದಿದ್ದಿತು. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಸಹಾಯಕ್ಕೆ ಬಿಟ್ಟರು. ಅವರು ದೇಸಗತಿಯ ಒಡೆಯರು. ಇವರು ಮಾಮೂಲುಪೇಟೆಯ ಅಂಗಡಿಕಾರರು. ಇಬ್ಬರಿಗೂ ಔರಸ ಸಂತಾನದ ಭಾಗ್ಯವಿರಲಿಲ್ಲ. ಇಬ್ಬರೂ ಪರರ ಮಕ್ಕಳ ಓದಿನಲ್ಲಿ ಆ ಕೊರತೆಯನ್ನು ತುಂಬಿಕೊಂಡರು.

ತೋಟದಪ್ಪನವರ ಈ ಸೇವೆಯನ್ನು ಮೆಚ್ಚಿ ಮಹಾರಾಜರವರು 1905ರಲ್ಲಿ ಅವರಿಗೆ ಧರ್ಮಪ್ರವರ್ತರೆಂಬ ಬಿರುದನ್ನು ದಯಪಾಲಿಸಿದರು. 1910ರಲ್ಲಿ ಬ್ರಿಟಿಷ್ ಸರ್ಕಾರದವರು ರಾವ್ ಬಹದ್ದೂರ್ ಪದವಿಯನ್ನಿತ್ತರು. ಅದೇ ವರ್ಷದ ಫೆಬ್ರವರಿ 21ರಂದು, ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ತೋಟದಪ್ಪನವರು ಲಿಂಗೈಕ್ಯರಾದರು. ಎರಡು ಬಿರುದುಗಳೂ ಇಂದಿಗೂ ಅವರ ಧರ್ಮಸಂಸ್ಥೆಯ ಹೆಸರಿನೊಳಗೆ ಸೇರಿಕೊಂಡಿವೆ. ಛತ್ರದ ಮುಂದಣ ರಸ್ತೆಗೂ ಅವರ ಹೆಸರೇ ಬಂದಿತು.

ಅವರು ಬಿತ್ತಿದ ಬೀಜದ ಫಲವನ್ನು ಅಳೆಯಲು ಒಂದು ಉದಾಹರಣೆ ಸಾಕು. ಮಾಗಡಿಯ ಸೀಮೆಯ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಒಬ್ಬ ರೈತನ ಮಗನು ತುಮಕೂರಿನಲ್ಲಿ ಹೈಸ್ಕೂಲನ್ನು ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದಾಗ ಆಶ್ರಯ ಕೊಟ್ಟುದು ತೋಟದಪ್ಪನವರ ವಿದ್ಯಾರ್ಥಿನಿಲಯ. ಆ ವಿದ್ಯಾರ್ಥಿಯೇ 1930ರಲ್ಲಿ ಸನ್ಯಾಸವನ್ನು ಸ್ವೀಕರಿಸಿ, ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳೆಂದು ಪ್ರಖ್ಯಾತರಾದರು. 2019ರ ಜನವರಿಯಲ್ಲಿ ಅವರು ಲಿಂಗೈಕ್ಯರಾಗುವವರೆಗೆ, ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳು ಅವರ ಮಠದಲ್ಲಿ ಉಂಡು ಓದಿದರು. ಆ ದಾಸೋಹವು ಇಂದಿಗೂ ನಡೆಯುತ್ತಿದೆ. ಒಬ್ಬ ವರ್ತಕನ ಮನೆಯ ಅನ್ನವು ಒಬ್ಬ ವಿದ್ಯಾರ್ಥಿಯ ಮೂಲಕ ಎಷ್ಟು ಎಲೆಗಳಿಗೆ ಹರಿಯಿತೆಂಬುದನ್ನು ಲೆಕ್ಕವಿಡುವುದು ಸಾಧ್ಯವೆ!

ಚರಿತ್ರೆಯನ್ನು ಹೇಳುವಾಗ ಆ ಕಾಲದ ಮಿತಿಗಳನ್ನೂ ಮರೆಮಾಚಬಾರದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ವಿದ್ಯಾರ್ಥಿನಿಲಯಗಳು ಬಹುಮಟ್ಟಿಗೆ ಒಂದೊಂದು ಸಮಾಜದ ಹೆಸರಿನಲ್ಲಿ ಹುಟ್ಟಿದುವು. 1904ರಲ್ಲಿ ವೀರಶೈವ ಮಹಾಸಭೆಯೂ, 1906ರಲ್ಲಿ ಒಕ್ಕಲಿಗರ ಸಂಘವೂ ಸ್ಥಾಪಿತವಾಗಿ, ತಂತಮ್ಮವರ ಮಕ್ಕಳ ಓದಿನ ಹೊಣೆಯನ್ನು ಹೊತ್ತುವು. ತೋಟದಪ್ಪನವರ ನಿಲಯವೂ ಮುಖ್ಯವಾಗಿ ವೀರಶೈವ ವಿದ್ಯಾರ್ಥಿಗಳಿಗೆ ನೆರಳಾಯಿತು. ಯಾವ ಸಂಘದ ಬಲವೂ ಇಲ್ಲದ ಅಸ್ಪೃಶ್ಯರ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ಇಂಥ ನೆರಳು ಸಿಕ್ಕಲು ಇನ್ನೂ ಬಹಳ ಕಾಲ ಹಿಡಿಯಿತು. ಸರ್ಕಾರದ ವಿದ್ಯಾರ್ಥಿನಿಲಯಗಳು ತಾಲ್ಲೂಕು ತಾಲ್ಲೂಕಿಗೆ ಹರಡಿದ ಮೇಲೆಯೇ ಅದು ಸಾಮಾನ್ಯವಾಯಿತು. ಆದರೆ ಓದಿಗೂ ಅನ್ನಕ್ಕೂ ಇರುವ ಸಂಬಂಧವನ್ನು ಸರ್ಕಾರಕ್ಕಿಂತ ಮೊದಲೇ ಅರಿತು ತೋರಿಸಿಕೊಟ್ಟವರು ಇಂಥ ದಾತೃಗಳು. 2002ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಅಕ್ಷರದಾಸೋಹ ಯೋಜನೆಯಿಂದ ಇಂದು ಹಳ್ಳಿಹಳ್ಳಿಯ ಪಾಠಶಾಲೆಯಲ್ಲಿಯೂ ಮಧ್ಯಾಹ್ನದ ಊಟವು ಸಿಕ್ಕುವುದು. ದಾಸೋಹವೆಂಬ ಆ ಹೆಸರೇ ಹಳೆಯ ಧರ್ಮದಿಂದ ಬಂದುದು.

ವ್ಯಾಪಾರಿಯ ಕೈಯಿಂದ ವಿದ್ಯೆಗೆ ನಡೆಯುವ ಸೇವೆಯು ಆ ತಲೆಮಾರಿಗೇ ಮುಗಿದುಹೋಗಲಿಲ್ಲ. ಮಂಗಳೂರಿನ ಬಳಿಯ ಹರೇಕಳದ ಹಾಜಬ್ಬನವರು ಬುಟ್ಟಿಯಲ್ಲಿ ಕಿತ್ತಳೆಹಣ್ಣು ಮಾರುತ್ತಿದ್ದವರು. ಪಾಠಶಾಲೆಯ ಮೆಟ್ಟಿಲು ಹತ್ತದವರು. ವಿದೇಶೀಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆಯನ್ನು ಕೇಳಿದಾಗ ಉತ್ತರ ಹೇಳಲಾರದೆ ನೊಂದು, ತಮ್ಮ ಊರಿನ ಮಕ್ಕಳಿಗೆ ಈ ಗತಿ ಬರಬಾರದೆಂದು ಸಂಕಲ್ಪಿಸಿ, ದಿನದ ಸಂಪಾದನೆಯಲ್ಲಿ ಕೂಡಿಟ್ಟು, ಕಚೇರಿಯಿಂದ ಕಚೇರಿಗೆ ತಿರುಗಿ, 2000ದ ಸುಮಾರಿಗೆ ನ್ಯೂಪಡ್ಪುವಿನಲ್ಲಿ ಪಾಠಶಾಲೆಯು ಹುಟ್ಟುವಂತೆ ಮಾಡಿದರು. 2020ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀಯನ್ನು ಘೋಷಿಸಿತು. ಜನರು ಅವರನ್ನು ಅಕ್ಷರಸಂತರೆಂದು ಕರೆದರು. ತೋಟದಪ್ಪನವರಿಗೆ ಎರಡೂವರೆ ಎಕರೆ ಭೂಮಿಯನ್ನು ಕೊಳ್ಳುವ ಶಕ್ತಿಯಿದ್ದಿತು. ಹಾಜಬ್ಬನವರಿಗೆ ಬುಟ್ಟಿಯೊಂದೇ ಬಂಡವಾಳ. ಒಬ್ಬರು ಪಟ್ಟಣಕ್ಕೆ ಬಂದ ಹುಡುಗನಿಗೆ ಮನೆಯನ್ನು ಕೊಟ್ಟರು. ಇನ್ನೊಬ್ಬರು ಹುಡುಗನ ಮನೆಯ ಹತ್ತಿರಕ್ಕೆ ಪಾಠಶಾಲೆಯನ್ನು ತಂದರು. ಹಳ್ಳಿಯ ವಿದ್ಯೆಗೆ ಇವೆರಡೂ ಬೇಕು.

ಲಕ್ಕವಳ್ಳಿಯ ಬಳಿ ಇಂದು ಭದ್ರೆಗೆ ಅಣೆಕಟ್ಟಿದೆ. ಮಲೆನಾಡಿನ ಮಳೆಯ ನೀರು ಅಲ್ಲಿ ನಿಂತು, ಕಾಲುವೆಗಳಲ್ಲಿ ಹರಿದು, ಮಳೆಯನ್ನು ಕಾಣದ ಬಯಲುಸೀಮೆಯ ಗದ್ದೆಗಳನ್ನು ನೆನೆಸುವುದು. ಸಂಪತ್ತಿನ ವಿಷಯದಲ್ಲಿಯೂ ನಾಡು ಇದನ್ನೇ ಬಯಸುವುದು. ಗುಬ್ಬಿಯ ಸಂತೆಯಲ್ಲಿ ಹುಟ್ಟಿ, ಮಾಮೂಲುಪೇಟೆಯಲ್ಲಿ ಕೂಡಿ, ರೈಲುನಿಲ್ದಾಣದ ಎದುರಿಗೆ ನಿಂತ ತೋಟದಪ್ಪನವರ ಹಣವು ಅವರ ಕಣ್ಣಿಗೆ ಬೀಳದ ಊರುಗಳ, ಅವರು ಹೆಸರನ್ನೂ ಕೇಳದ ಮಕ್ಕಳ ಓದಿಗೆ ಒದಗಿತು. ಗಳಿಸುವ ವಿದ್ಯೆಯನ್ನು ಬಲ್ಲ ವರ್ತಕರು ಪ್ರತಿ ಊರಿನಲ್ಲಿಯೂ ಇದ್ದಾರೆ. ಗಳಿಸಿದುದನ್ನು ತಮ್ಮ ಕಾಲಾನಂತರವೂ ದುಡಿಯುವಂತೆ ನಿಲ್ಲಿಸಿಹೋಗುವ ವಿದ್ಯೆಯನ್ನು ಕಲಿಯಬೇಕೆಂಬವರಿಗೆ ಧರ್ಮಪ್ರವರ್ತ ತೋಟದಪ್ಪನವರ ಜೀವನವು ಒಳ್ಳೆಯ ಪಾಠವಾಗಿದೆ.